ಸರ್ ಎಂ. ವಿಶ್ವೇಶ್ವರಯ್ಯ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯ (ಸೆಪ್ಟೆಂಬರ್ 15, 1861 – ಏಪ್ರಿಲ್ 1962) ಅವರು ಭಾರತದ ಪ್ರಖ್ಯಾತ ಸಿವಿಲ್ ಇಂಜಿನಿಯರ್, ಆಡಳಿತಗಾರ ಹಾಗೂ ಮೈಸೂರು ಸಂಸ್ಥಾನದ ದಿವಾನರು. ಇಂದಿನ ಮಂಡ್ಯ ಜಿಲ್ಲೆಯ ಕೃಷಿಯ ಸ್ವರೂಪವನ್ನೇ ಬದಲಿಸಿದ ಕೃಷ್ಣರಾಜಸಾಗರ ಅಣೆಕಟ್ಟಿನ ಯೋಜನೆಯಿಂದಾಗಿ ಅವರ ಹೆಸರು ಕರ್ನಾಟಕದಲ್ಲಿ ಮನೆಮಾತಾಗಿದೆ. ಜಲಾಶಯದ ನೀರಿನ ಮಟ್ಟವನ್ನು ಮನುಷ್ಯರ ನೆರವಿಲ್ಲದೆ ಕಾಯ್ದುಕೊಳ್ಳುವ ಸ್ವಯಂಚಾಲಿತ ಬಾಗಿಲುಗಳನ್ನು ಅವರು ರೂಪಿಸಿದರು. ಇಂದು ನಿಯಂತ್ರಣ ವ್ಯವಸ್ಥೆಗಳ ಶಾಸ್ತ್ರ ಎಂದು ಕರೆಯಲಾಗುವ ವಿಷಯಕ್ಕೆ ಈ ಬಾಗಿಲುಗಳು ಭಾರತದ ನೀರಾವರಿಯಲ್ಲಿನ ಆರಂಭಕಾಲದ ಉದಾಹರಣೆಯಾಗಿವೆ. 1955ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿ ದೊರೆಯಿತು.

ಜನನ ಮತ್ತು ವಿದ್ಯಾಭ್ಯಾಸ

ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ಅವರ ಜನ್ಮವರ್ಷವನ್ನು ಕೆಲವು ಗ್ರಂಥಗಳು 1860 ಎಂದು ನಮೂದಿಸುತ್ತವೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಅವರ ಪೂರ್ವಿಕರು ಇಂದಿನ ಆಂಧ್ರಪ್ರದೇಶದ ಮೋಕ್ಷಗುಂಡಂ ಎಂಬ ಊರಿನವರಾದ್ದರಿಂದ ಆ ಹೆಸರು ಮನೆತನಕ್ಕೆ ಬಂದಿತು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿ ಹಣ ಸಂಪಾದಿಸುತ್ತ ಓದು ಮುಂದುವರಿಸಿದರು. ಸೆಂಟ್ರಲ್ ಕಾಲೇಜಿನಲ್ಲಿ ಕಲಿತು 1881ರಲ್ಲಿ ಬಿ.ಎ. ಪದವಿ ಪಡೆದರು. ಬಳಿಕ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, 1883ರ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿದರು.

ಮುಂಬಯಿ ಪ್ರಾಂತ್ಯದಲ್ಲಿ ಸೇವೆ

1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರಾಗಿ ಅವರ ವೃತ್ತಿಜೀವನ ಆರಂಭವಾಯಿತು. ನಾಸಿಕ್ ಮತ್ತು ಖಾನದೇಶ ಪ್ರದೇಶಗಳಲ್ಲಿ ದುಡಿದ ಅವರನ್ನು 1890ರ ದಶಕದಲ್ಲಿ ಸಿಂಧ್ ಪ್ರಾಂತ್ಯದ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರನ್ನು ಒದಗಿಸುವ ಕೆಲಸಕ್ಕೆ ನಿಯೋಜಿಸಲಾಯಿತು. ಸಿಂಧೂ ನದಿಯ ನೀರು ಕೆಸರಿನಿಂದ ಕೂಡಿದ್ದು, ಶುದ್ಧೀಕರಣದ ತೊಟ್ಟಿಗಳನ್ನು ಕಟ್ಟುವಷ್ಟು ಹಣ ಅಲ್ಲಿನ ಪುರಸಭೆಯಲ್ಲಿ ಇರಲಿಲ್ಲ. ನದಿಯ ಮರಳಿನ ಮೂಲಕವೇ ನೀರು ಸೋಸಿ ಬಾವಿಗೆ ಬರುವಂತೆ ಮಾಡಿ ಅವರು ಈ ಸಮಸ್ಯೆಯನ್ನು ಬಗೆಹರಿಸಿದರು.

1899ರಲ್ಲಿ ದಖ್ಖನಿನ ನಾಲೆಗಳಿಗಾಗಿ ಅವರು ಬ್ಲಾಕ್ ಪದ್ಧತಿಯನ್ನು ಸೂಚಿಸಿದರು. ಅದುವರೆಗೆ ನಾಲೆಯ ನೀರು ಕೆಲವೇ ಊರುಗಳ ಕಬ್ಬಿನ ಗದ್ದೆಗಳಿಗೆ ಹರಿದು, ಅಲ್ಲಿ ನೆಲ ಜೌಗು ಹಿಡಿಯುತ್ತಿತ್ತು. ಉಳಿದ ಊರುಗಳಿಗೆ ನೀರು ಸಿಗುತ್ತಿರಲಿಲ್ಲ. ಹೊಸ ಪದ್ಧತಿಯಲ್ಲಿ ಪ್ರತಿ ಊರಿನ ಇಂತಿಷ್ಟು ಜಮೀನನ್ನು ಗುರುತಿಸಿ, ಬೆಳೆಗಳನ್ನು ಸರದಿಯಂತೆ ಬದಲಿಸಿ, ಅಳತೆಯ ನೀರನ್ನು ಹಂಚಲಾಗುತ್ತಿತ್ತು.

ಸ್ವಯಂಚಾಲಿತ ಬಾಗಿಲುಗಳು

ಪುಣೆ ನಗರಕ್ಕೆ ನೀರೊದಗಿಸುತ್ತಿದ್ದ ಖಡಕ್ವಾಸ್ಲಾ ಜಲಾಶಯದಲ್ಲಿ ಮಳೆಗಾಲದ ಹೆಚ್ಚುವರಿ ನೀರು ಕೋಡಿಯ ಮೇಲೆ ಹರಿದು ವ್ಯರ್ಥವಾಗುತ್ತಿತ್ತು. ಕೋಡಿಯ ಗೋಡೆಯನ್ನು ಎತ್ತರಿಸಿದರೆ ಪ್ರವಾಹದ ಸಮಯದಲ್ಲಿ ನೀರಿನ ಮಟ್ಟ ಮಿತಿಮೀರಿ ಹಳೆಯ ಕಟ್ಟೆಗೆ ಅಪಾಯವಿತ್ತು. ಕೋಡಿಯ ಮೇಲೆ ಸಾಮಾನ್ಯ ಬಾಗಿಲುಗಳನ್ನು ನಿಲ್ಲಿಸಿದರೆ ಪ್ರವಾಹ ಬಂದ ರಾತ್ರಿ ಅವುಗಳನ್ನು ತೆರೆಯಲು ಜನ ಸಕಾಲಕ್ಕೆ ತಲಪಬೇಕಾಗಿತ್ತು. ಒಂದು ವೇಳೆ ತಡವಾದರೆ ಕಟ್ಟೆಯೇ ಒಡೆಯಬಹುದಾಗಿತ್ತು.

ವಿಶ್ವೇಶ್ವರಯ್ಯನವರು ರೂಪಿಸಿದ ಬಾಗಿಲುಗಳಲ್ಲಿ ಈ ಕೆಲಸವನ್ನು ನೀರೇ ನಿರ್ವಹಿಸುತ್ತದೆ. ಬಾಗಿಲಿನ ಭಾರಕ್ಕೆ ಸರಿತೂಗುವಂತೆ ಇನ್ನೊಂದು ಕಡೆ ಪ್ರತಿಭಾರವನ್ನು ತೂಗುಹಾಕಲಾಗಿರುತ್ತದೆ. ಜಲಾಶಯದ ಮಟ್ಟ ಗೊತ್ತುಪಡಿಸಿದ ಮಿತಿಯನ್ನು ದಾಟಿದೊಡನೆ ನೀರು ಪ್ರತಿಭಾರವಿರುವ ತೊಟ್ಟಿಗೆ ಹರಿಯುತ್ತದೆ. ಸಮತೋಲ ತಪ್ಪಿ ಬಾಗಿಲು ತೆರೆದುಕೊಳ್ಳುತ್ತದೆ. ಮಟ್ಟ ಇಳಿದ ಮೇಲೆ ತೊಟ್ಟಿ ಬರಿದಾಗಿ ಸಮತೋಲ ಮರಳುತ್ತದೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಈ ವಿನ್ಯಾಸಕ್ಕೆ ಅವರು ಪೇಟೆಂಟ್ ಪಡೆದರು. 1903ರಲ್ಲಿ ಇವುಗಳನ್ನು ಮೊದಲು ಖಡಕ್ವಾಸ್ಲಾದಲ್ಲಿ ಅಳವಡಿಸಲಾಯಿತು. ಮುಂದೆ ಗ್ವಾಲಿಯರಿನ ತಿಗ್ರಾ ಅಣೆಕಟ್ಟಿನಲ್ಲಿಯೂ ಕೃಷ್ಣರಾಜಸಾಗರದಲ್ಲಿಯೂ ಇದೇ ತತ್ತ್ವದ ಬಾಗಿಲುಗಳು ಬಳಕೆಗೆ ಬಂದವು.

ಒಂದು ವ್ಯವಸ್ಥೆಯ ಸ್ಥಿತಿಯನ್ನು ಅಳೆದು, ಆ ಅಳತೆಯಿಂದಲೇ ಅದನ್ನು ಮತ್ತೆ ಸರಿಯಾದ ಸ್ಥಿತಿಗೆ ತರುವ ಕ್ರಮವನ್ನು ಹಿಮ್ಮಾಹಿತಿ ನಿಯಂತ್ರಣ ಎನ್ನುತ್ತಾರೆ. ಉಗಿಯಂತ್ರದ ವೇಗ ನಿಯಂತ್ರಕಗಳನ್ನು ಕುರಿತು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ 1868ರಲ್ಲಿ ಪ್ರಕಟಿಸಿದ ಪ್ರಬಂಧ ಹಾಗೂ ಚಲನೆಯ ಸ್ಥಿರತೆಯನ್ನು ಕುರಿತು ರಷ್ಯಾದ ಗಣಿತಜ್ಞ ಅಲೆಕ್ಸಾಂಡರ್ ಲ್ಯಾಪುನೋವ್ 1892ರಲ್ಲಿ ಮಂಡಿಸಿದ ಮಹಾಪ್ರಬಂಧ ಈ ಶಾಸ್ತ್ರದ ಗಣಿತಕ್ಕೆ ತಳಹದಿ ಹಾಕಿದವು. ಅದೇ ದಶಕಗಳಲ್ಲಿ ರೂಪುಗೊಂಡ ವಿಶ್ವೇಶ್ವರಯ್ಯನವರ ಬಾಗಿಲು, ಅದೇ ತತ್ತ್ವವನ್ನು ಕಲ್ಲು, ಕಬ್ಬಿಣ ಮತ್ತು ನೀರಿನಲ್ಲಿ ಸಾಧಿಸಿದ ಪ್ರಾಯೋಗಿಕ ರಚನೆಯಾಗಿದೆ.

ಹೈದರಾಬಾದಿನ ಪ್ರವಾಹ

1906ರಲ್ಲಿ ಏಡನ್ ನಗರದ ನೀರು ಸರಬರಾಜು ಮತ್ತು ಒಳಚರಂಡಿಯ ಬಗ್ಗೆ ಸಲಹೆ ನೀಡಿದ ಅವರು 1908ರಲ್ಲಿ ಮುಂಬಯಿ ಸೇವೆಯಿಂದ ಸ್ವಇಚ್ಛೆಯಿಂದ ನಿವೃತ್ತರಾದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಪ್ರಾಣ ಕಳೆದುಕೊಂಡರು. ನಿಜಾಮ್ ಸರ್ಕಾರದ ಆಹ್ವಾನದ ಮೇರೆಗೆ ಅವರು ದುರಂತದ ಕಾರಣಗಳನ್ನು ಪರಿಶೀಲಿಸಿದರು. ಭಾರಿ ಮಳೆಯೊಂದಿಗೆ, ನದಿಯ ಜಲಾನಯನದಲ್ಲಿದ್ದ ಕೆರೆಗಳು ಒಂದರ ನೀರಿನಿಂದ ಇನ್ನೊಂದು ಎಂಬಂತೆ ಸಾಲಾಗಿ ಒಡೆದದ್ದು ಪ್ರವಾಹವನ್ನು ಹೆಚ್ಚಿಸಿತ್ತು. ನಗರದ ಮೇಲ್ಭಾಗದಲ್ಲಿ ಪ್ರವಾಹವನ್ನು ತಡೆದು ನಿಧಾನವಾಗಿ ಬಿಡುವ ಎರಡು ಜಲಾಶಯಗಳನ್ನು ಅವರು ಸೂಚಿಸಿದರು. ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ ಹೀಗೆ ನಿರ್ಮಾಣಗೊಂಡವು.

ಕೃಷ್ಣರಾಜಸಾಗರ

1909ರ ನವೆಂಬರಿನಲ್ಲಿ ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾದರು. ಆಗ ಸಂಸ್ಥಾನದ ಮುಂದೆ ಎರಡು ಸಮಸ್ಯೆಗಳಿದ್ದವು. 1902ರಿಂದ ಶಿವನಸಮುದ್ರದ ವಿದ್ಯುತ್ ಕೇಂದ್ರವು ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಒದಗಿಸುತ್ತಿದ್ದರೂ, ಬೇಸಿಗೆಯಲ್ಲಿ ಕಾವೇರಿಯ ಹರಿವು ಕುಗ್ಗಿದಾಗ ಪೂರೈಕೆ ಸ್ಥಿರವಾಗಿರುತ್ತಿರಲಿಲ್ಲ. ಮಳೆಯನ್ನೇ ನೆಚ್ಚಿದ್ದ ಮಂಡ್ಯ ಸೀಮೆಯ ರೈತರು ಬರಗಾಲಕ್ಕೆ ಮತ್ತೆ ಮತ್ತೆ ತುತ್ತಾಗುತ್ತಿದ್ದರು. ಕಾವೇರಿ, ಹೇಮಾವತಿ ಮತ್ತು ಲಕ್ಷ್ಮಣತೀರ್ಥ ನದಿಗಳ ಸಂಗಮದ ಕೆಳಗೆ, ಕನ್ನಂಬಾಡಿ ಎಂಬಲ್ಲಿ ಅಣೆಕಟ್ಟು ಕಟ್ಟುವ ಯೋಜನೆಯನ್ನು ಅವರು ಸಿದ್ಧಪಡಿಸಿದರು. ಇದೇ ಸ್ಥಳದ ಸಮೀಪ ಅಣೆಕಟ್ಟು ಕಟ್ಟಲು ಟಿಪ್ಪು ಸುಲ್ತಾನ್ ಹಾಕಿಸಿದ ಶಾಸನವೊಂದು ಮುಂದೆ ದೊರೆಯಿತು.

ಯೋಜನೆಯ ವೆಚ್ಚವನ್ನು ಕಂಡು ಸಂಸ್ಥಾನದ ಆರ್ಥಿಕ ಅಧಿಕಾರಿಗಳು ಹಿಂಜರಿದರು. ಕೊನೆಗೆ ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿಗೆ ನೀಡಿದ ಮೇಲೆ 1911ರಲ್ಲಿ ಕೆಲಸ ಆರಂಭವಾಯಿತು. ಕೆಳಗಿನ ತಂಜಾವೂರು ಸೀಮೆಯ ನೀರಿಗೆ ಕೊರತೆಯಾಗುವುದೆಂದು ಮದರಾಸು ಸರ್ಕಾರ ಆಕ್ಷೇಪಿಸಿ, ಕಡಿಮೆ ಎತ್ತರದ ಕಟ್ಟೆಗಷ್ಟೇ ಸಮ್ಮತಿಸಿತು. ಮುಂದೆ ಪೂರ್ಣ ಎತ್ತರಕ್ಕೆ ಅವಕಾಶ ಸಿಗಬಹುದೆಂದು ಮೈಸೂರು ಸರ್ಕಾರ ಅಗಲವಾದ ಅಡಿಪಾಯವನ್ನೇ ಹಾಕಿಸಿತು. ವಿವಾದ ಪಂಚಾಯಿತಿಗೆ ಹೋಗಿ, 1924ರ ಫೆಬ್ರವರಿಯ ಒಪ್ಪಂದದಲ್ಲಿ ಇತ್ಯರ್ಥವಾಯಿತು. ಸಿಮೆಂಟಿನ ಬದಲು ಸುರ್ಕಿ ಗಾರೆಯನ್ನು ಬಳಸಿ ಕಟ್ಟಿದ ಈ ಅಣೆಕಟ್ಟಿನ ಉದ್ದ ಸುಮಾರು 2.6 ಕಿಲೋಮೀಟರ್. ವಿಶ್ವೇಶ್ವರಯ್ಯನವರು ಹುದ್ದೆ ಬಿಟ್ಟ ನಂತರ ಹಲವು ಇಂಜಿನಿಯರುಗಳು ಮತ್ತು ಸಾವಿರಾರು ಕಾರ್ಮಿಕರು 1930ರ ದಶಕದ ಆರಂಭದವರೆಗೆ ಈ ಕೆಲಸವನ್ನು ಮುಂದುವರಿಸಿದರು.

ಮೊದಲು ಇರ್ವಿನ್ ನಾಲೆ ಎಂದು ಕರೆಯಲಾಗಿ, ಬಳಿಕ ವಿಶ್ವೇಶ್ವರಯ್ಯ ನಾಲೆ ಎಂದು ಹೆಸರಾದ ಕಾಲುವೆಯಿಂದ ಪಾಂಡವಪುರ, ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ಸೀಮೆಗಳಲ್ಲಿ ಭತ್ತ ಹಾಗೂ ಕಬ್ಬಿನ ಬೇಸಾಯ ಹಬ್ಬಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಆದರೆ ಇಳಿಜಾರಿನಲ್ಲಿ ತಾನಾಗಿ ಹರಿಯುವ ನಾಲೆಯ ನೀರು ಎತ್ತರದ ಭೂಮಿಗೆ ಏರಲಾರದು. ಆದ್ದರಿಂದ ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆಯಂತಹ ಭಾಗಗಳು ಈ ನಾಲೆಯ ಪ್ರಯೋಜನದಿಂದ ಹೊರಗುಳಿದವು. ಕನ್ನಂಬಾಡಿ ಸೇರಿದಂತೆ ಹಲವು ಹಳ್ಳಿಗಳು ಹಿನ್ನೀರಿನಲ್ಲಿ ಮುಳುಗಿ, ಅಲ್ಲಿನ ಜನ ಬೇರೆಡೆ ನೆಲೆಸಬೇಕಾಯಿತು. ಮುಳುಗಿದ್ದ ವೇಣುಗೋಪಾಲಸ್ವಾಮಿ ದೇವಾಲಯವನ್ನು ಬಹುಕಾಲದ ನಂತರ ಹಿನ್ನೀರಿನ ದಡದಲ್ಲಿ ಮತ್ತೆ ಕಟ್ಟಲಾಯಿತು.

ದಿವಾನಗಿರಿ

1912ರಿಂದ 1918ರವರೆಗೆ ಅವರು ಮೈಸೂರಿನ ದಿವಾನರಾಗಿದ್ದರು. ಮೈಸೂರು ಬ್ಯಾಂಕ್ (1913), ಕನ್ನಡ ಸಾಹಿತ್ಯ ಪರಿಷತ್ತು (1915), ಮೈಸೂರು ವಿಶ್ವವಿದ್ಯಾನಿಲಯ (1916) ಹಾಗೂ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು (1917) ಈ ಅವಧಿಯಲ್ಲಿ ಸ್ಥಾಪನೆಯಾದವು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೂ ಇದೇ ಕಾಲದಲ್ಲಿ ಬುನಾದಿ ಬಿದ್ದಿತು. 1915ರಲ್ಲಿ ಬ್ರಿಟಿಷ್ ಸರ್ಕಾರ ಅವರಿಗೆ ಸರ್ ಪದವಿಯನ್ನು ನೀಡಿತು.

ಸರ್ಕಾರಿ ನೌಕರಿಗಳಲ್ಲಿ ಬ್ರಾಹ್ಮಣೇತರರಿಗೆ ಸೂಕ್ತ ಪಾಲು ಬೇಕೆಂಬ ಬೇಡಿಕೆ ಪ್ರಬಲವಾದಾಗ, ಮಹಾರಾಜರು 1918ರಲ್ಲಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿಯನ್ನು ನೇಮಿಸಿದರು. ನೇಮಕಾತಿಗೆ ಅರ್ಹತೆಯೊಂದೇ ಆಧಾರವಾಗಿರಬೇಕೆಂಬುದು ವಿಶ್ವೇಶ್ವರಯ್ಯನವರ ನಿಲುವಾಗಿತ್ತು. ಈ ಭಿನ್ನಾಭಿಪ್ರಾಯ ಅವರು ದಿವಾನಗಿರಿ ತೊರೆಯಲು ಮುಖ್ಯ ಕಾರಣವಾಯಿತು. ಸಮಿತಿಯ ಶಿಫಾರಸುಗಳು ಮುಂದೆ ಮೈಸೂರಿನ ಮೀಸಲಾತಿ ನೀತಿಗೆ ಆಧಾರವಾದವು. ಈ ವಿಷಯದಲ್ಲಿ ಅವರ ನಿಲುವು ಇಂದಿಗೂ ಚರ್ಚೆಯಲ್ಲಿದೆ.

ನಂತರದ ಜೀವನ

ದಿವಾನಗಿರಿಯ ನಂತರವೂ ಅವರು 1923ರಿಂದ 1929ರವರೆಗೆ ಭದ್ರಾವತಿ ಕಾರ್ಖಾನೆಯ ಮೇಲ್ವಿಚಾರಣೆ ವಹಿಸಿ, ನಷ್ಟದಲ್ಲಿದ್ದ ಅದನ್ನು ಸುಸ್ಥಿತಿಗೆ ತಂದರು. 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆಯನ್ನು ಪ್ರತಿಪಾದಿಸುವ ಗ್ರಂಥವನ್ನು ಪ್ರಕಟಿಸಿದರು. 1951ರಲ್ಲಿ ಅವರ ವೃತ್ತಿಜೀವನದ ನೆನಪುಗಳು ಪುಸ್ತಕವಾಗಿ ಬಂದವು. ತೊಂಬತ್ತು ವರ್ಷ ದಾಟಿದ ಮೇಲೆಯೂ ಬಿಹಾರದ ಮೊಕಾಮಾ ಬಳಿ ಗಂಗಾನದಿಗೆ ಸೇತುವೆ ಕಟ್ಟಬೇಕಾದ ಸ್ಥಳದ ಆಯ್ಕೆಗೆ ಸಲಹೆ ನೀಡಿದರು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿ ಅವರ ಸ್ಮಾರಕವಿದೆ. ಭಾರತದಲ್ಲಿ ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ಇಂಜಿನಿಯರುಗಳ ದಿನವನ್ನಾಗಿ ಆಚರಿಸಲಾಗುತ್ತದೆ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಅವರ ಹೆಸರನ್ನು ಹೊಂದಿದೆ.