ಲೋಕಮಾನ್ಯ ತಿಲಕರೂ ಪುಣೆಯ ಪ್ಲೇಗೂ

ಲೋಕಮಾನ್ಯ ಬಾಲಗಂಗಾಧರ ತಿಲಕರ ಹೆಸರನ್ನು ಕೇಳದವರು ನಮ್ಮ ವಾಚಕರಲ್ಲಿ ಇರಲಾರರು. ಮುಂಬಯಿ, ಪುಣೆಗಳಲ್ಲಿ ದುಡಿಯುವ ನಮ್ಮವರು ಭಾದ್ರಪದದಲ್ಲಿ ಬೀದಿಬೀದಿಯ ಗಣಪತಿಯನ್ನು ನೋಡುವಾಗ ಅವರನ್ನು ನೆನೆಯುವುದುಂಟು. ಸ್ವರಾಜ್ಯದ ಹೋರಾಟಗಾರರೆಂದೂ ಗೀತಾರಹಸ್ಯದ ಕರ್ತೃವೆಂದೂ ಅವರ ಕೀರ್ತಿ ಹಬ್ಬಿದೆ. ಆದರೆ ಅವರು ಮೊತ್ತಮೊದಲು ರಾಜದ್ರೋಹದ ಅಪರಾಧಿಯೆನಿಸಿ ಸೆರೆಮನೆ ಸೇರಿದುದರ ಹಿಂದೆ ಒಂದು ಸಾಂಕ್ರಾಮಿಕ ರೋಗವಿದ್ದಿತೆಂಬುದು ಎಲ್ಲರಿಗೂ ತಿಳಿದ ಸಂಗತಿಯಲ್ಲ. ಪತ್ರಿಕೆಯ ಕೆಲಸಕ್ಕೆ ಕೈಯಿಕ್ಕಿರುವ ನಮಗೆ ಅವರ ಚರಿತ್ರೆಯ ಆ ಭಾಗವೇ ಹೆಚ್ಚು ವಿಚಾರಾರ್ಹವಾಗಿ ಕಾಣುತ್ತದೆ.

ತಿಲಕರು ಜನಿಸಿದುದು 1856ನೆಯ ಇಸವಿ ಜುಲೈ 23ರಂದು, ಕೊಂಕಣದ ರತ್ನಾಗಿರಿಯಲ್ಲಿ. ತಂದೆ ಗಂಗಾಧರಪಂತರು ಶಾಲಾ ಉಪಾಧ್ಯಾಯರು. ಬಾಲಕನು ಹತ್ತು ವರ್ಷದವನಿರುವಾಗ ಕುಟುಂಬವು ಪುಣೆಗೆ ಬಂದಿತು. ಹದಿನಾರನೆಯ ವಯಸ್ಸಿಗೆ ತಂದೆ ತಾಯಿ ಇಬ್ಬರೂ ಇಲ್ಲವಾದರು. ಡೆಕ್ಕನ್ ಕಾಲೇಜಿನಲ್ಲಿ ಬಿ.ಎ. ಪದವಿಯನ್ನೂ ಬಳಿಕ ಕಾಯಿದೆಯ ಪದವಿಯನ್ನೂ ಪಡೆದ ತರುಣನು ಸರಕಾರಿ ಚಾಕರಿಯ ಗೊಡವೆಗೆ ಹೋಗಲಿಲ್ಲ. 1880ರಲ್ಲಿ ವಿಷ್ಣುಶಾಸ್ತ್ರಿ ಚಿಪಳೂಣಕರ, ಗೋಪಾಳ ಗಣೇಶ ಆಗರಕರ ಮೊದಲಾದವರೊಡನೆ ಪುಣೆಯಲ್ಲಿ ನ್ಯೂ ಇಂಗ್ಲಿಷ್ ಸ್ಕೂಲನ್ನು ಸ್ಥಾಪಿಸಿ, 1881ರ ಜನವರಿಯಲ್ಲಿ ಮರಾಠಿಯ ಕೇಸರಿ, ಇಂಗ್ಲಿಷಿನ ಮರಾಠಾ ಎಂಬೆರಡು ಪತ್ರಿಕೆಗಳ ಆರಂಭದಲ್ಲಿ ಪಾಲ್ಗೊಂಡನು. ಮರುವರ್ಷವೇ, ಕೊಲ್ಲಾಪುರದ ದಿವಾನನು ಎಳೆಯ ಮಹಾರಾಜನನ್ನು ಹಿಂಸಿಸುತ್ತಿರುವನೆಂಬ ಬರಹಗಳಿಗಾಗಿ ಮಾನಹಾನಿಯ ಮೊಕದ್ದಮೆ ನಡೆದು, ತಿಲಕರೂ ಆಗರಕರರೂ ಮುಂಬಯಿಯ ಡೋಂಗರಿ ಸೆರೆಮನೆಯನ್ನು ಕಂಡರು. ಮುಂದೆ ಸಮಾಜಸುಧಾರಣೆಯ ವಿಷಯದಲ್ಲಿ ಈ ಇಬ್ಬರು ಗೆಳೆಯರು ಬೇರೆಯಾದರು. ಹೆಣ್ಣುಮಕ್ಕಳ ಸಮ್ಮತಿಯ ವಯಸ್ಸನ್ನು ಏರಿಸುವ 1891ರ ಮಸೂದೆಯನ್ನು ತಿಲಕರು ವಿರೋಧಿಸಿದರು. ಆ ವಾದದಲ್ಲಿ ನ್ಯಾಯವು ಆಗರಕರರ ಪಕ್ಷದಲ್ಲಿದ್ದಿತೆಂದೇ ನಮ್ಮ ಅಭಿಪ್ರಾಯ. ದೊಡ್ಡವರ ಜೀವನವನ್ನು ಬರೆಯುವಾಗ ಇಂತಹುದನ್ನು ಮುಚ್ಚಿಡಲಾಗದು.

ಇನ್ನು ಪ್ಲೇಗಿನ ಮಾತು. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ, ದಕ್ಕೆಗೆ ಸಮೀಪದ ದಾಸ್ತಾನು ಮಳಿಗೆಗಳ ಕೇರಿಯಲ್ಲಿ, ಗೆಡ್ಡೆಜ್ವರದಿಂದ ಜನರು ಸಾಯತೊಡಗಿದರು. ಡಾಕ್ಟರ್ ಅಕಾಸಿಯೋ ವಿಯೇಗಸ್ ಎಂಬ ಗೋವೆಯ ಮೂಲದ ವೈದ್ಯರು ಇದು ಪ್ಲೇಗೇ ಎಂದು ಗುರುತಿಸಿದರು. ಆ ಹೆಸರನ್ನು ಒಪ್ಪಿಕೊಳ್ಳಲು ಮೊದಮೊದಲು ಅಧಿಕಾರಿಗಳಿಗೆ ಮನಸ್ಸಾಗಲಿಲ್ಲ. ಪ್ಲೇಗೆಂದು ಸಾರಿದರೆ ಪರದೇಶದ ಬಂದರುಗಳು ಮುಂಬಯಿಯ ಹಡಗುಗಳನ್ನು ತಡೆಯುವವು, ವ್ಯಾಪಾರ ಕೆಡುವುದು. ಹೋಟೆಲಿನ ಗಲ್ಲೆಯ ಮೇಲೆ ಕುಳಿತು ಬಂದ ನಮಗೆ ಈ ಸಂಕೋಚವು ಅರ್ಥವಾಗದ ಮಾತಲ್ಲ. ಓಣಿಯಲ್ಲಿ ವಾಂತಿಭೇದಿ ಬಂದಿದೆಯೆಂದು ಹೇಳಿಕೊಳ್ಳಲು ಯಾವ ಹೋಟೆಲಿನವನಿಗೂ ಇಷ್ಟವಿರುವುದಿಲ್ಲ. ಆದರೆ ಹೇಳದಿದ್ದರೆ ನೀರನ್ನು ಕಾಯಿಸಿ ಕುಡಿಯುವವರು ಯಾರು?

ಮುಚ್ಚಿಡುವ ಕಾಲ ಮುಗಿದೊಡನೆ ಸರಕಾರವು ಇನ್ನೊಂದು ತುದಿಗೆ ಹಾರಿತು. 1897ರ ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯಿದೆಯು ಜಾರಿಗೆ ಬಂದಿತು. ಕೆಲವೇ ಕಲಮುಗಳ ಈ ಚಿಕ್ಕ ಕಾಯಿದೆಯು ಸರಕಾರಕ್ಕೆ ಬೇಕಾದ ನಿಯಮಗಳನ್ನೆಲ್ಲ ಮಾಡುವ ಅಧಿಕಾರವನ್ನು ಕೊಟ್ಟಿತು. ಅದರ ಕೊನೆಯ ಕಲಮನ್ನು ವಾಚಕರು ಗಮನಿಸಬೇಕು: ಈ ಕಾಯಿದೆಯ ಮೇರೆಗೆ ಸದುದ್ದೇಶದಿಂದ ಮಾಡಿದ ಯಾವ ಕೆಲಸಕ್ಕಾಗಿಯೂ ಯಾರ ಮೇಲೂ ದಾವೆ ಹೂಡುವಂತಿರಲಿಲ್ಲ. ಕೋರ್ಟಿನ ಬಾಗಿಲು ಹೀಗೆ ಬಹುಮಟ್ಟಿಗೆ ಮುಚ್ಚಿದ ಮೇಲೆ, ನೊಂದವನು ತನ್ನ ದೂರನ್ನು ಹೇಳಿಕೊಳ್ಳಲು ಉಳಿದುದು ವರ್ತಮಾನಪತ್ರವೊಂದೇ.

ಪುಣೆಯಲ್ಲಿ ಪ್ಲೇಗು ಹಬ್ಬಿದಾಗ ವಾಲ್ಟರ್ ಚಾರ್ಲ್ಸ್ ರ್‍ಯಾಂಡ್ ಎಂಬ ಸಿವಿಲ್ ಅಧಿಕಾರಿಯು ಪ್ಲೇಗ್ ಸಮಿತಿಯ ಅಧ್ಯಕ್ಷನಾಗಿ ಬಂದನು. ಮಾರ್ಚ್ ತಿಂಗಳಿಂದ ಗೋರಾ ಸಿಪಾಯಿಗಳ ತಂಡಗಳು ಮನೆಮನೆಯನ್ನೂ ಶೋಧಿಸತೊಡಗಿದವು. ರೋಗಿಗಳನ್ನು ಆಸ್ಪತ್ರೆಗೂ ಮನೆಯವರನ್ನು ಊರ ಹೊರಗಿನ ಶಿಬಿರಕ್ಕೂ ಸಾಗಿಸಿದರು. ಬಟ್ಟೆಬರೆ, ಹಾಸಿಗೆಗಳನ್ನು ಸುಟ್ಟರು. ಕಾಗದದ ಮೇಲಿನ ಆಜ್ಞೆಗಳು ಸೌಮ್ಯವಾಗಿಯೇ ಇದ್ದವು. ಆದರೆ ಭಾಷೆಯರಿಯದ ಸಿಪಾಯಿಯು ಬೂಟುಗಾಲಿನಿಂದ ಅಡುಗೆಮನೆ, ದೇವರಕೋಣೆಗಳನ್ನು ಹೊಕ್ಕಾಗ, ಕಂಕುಳು ತೊಡೆಸಂದುಗಳ ಗೆಡ್ಡೆ ಹುಡುಕುವ ಹೆಸರಿನಲ್ಲಿ ಹೆಂಗಸರನ್ನು ಪರೀಕ್ಷಿಸಿದಾಗ, ಆ ಸೌಮ್ಯ ಆಜ್ಞೆಗಳು ಯಾರ ನೆರವಿಗೂ ಬರಲಿಲ್ಲ.

ತಿಲಕರು ಈ ಶೋಧನೆಯನ್ನೇ ವಿರೋಧಿಸಿದರೆಂದು ತಿಳಿದವರುಂಟು. ಅದು ಸರಿಯಲ್ಲ. ರೋಗಿಗಳನ್ನು ಬೇರ್ಪಡಿಸುವುದು ಅಗತ್ಯವೆಂದು ಕೇಸರಿಯು ಒಪ್ಪಿದ್ದಿತು. ಸರಕಾರದೊಡನೆ ಸಹಕರಿಸಬೇಕೆಂದು ಜನರಿಗೆ ತಿಳಿಸಿದ್ದಿತು. ಪುಣೆಯ ಅನೇಕ ಗಣ್ಯರು ಪ್ರಾಣಭಯದಿಂದ ಊರು ಬಿಟ್ಟಾಗ ತಿಲಕರು ಬಿಡಲಿಲ್ಲ. ಹಿಂದೂ ರೋಗಿಗಳಿಗಾಗಿ ಆಸ್ಪತ್ರೆಯೊಂದನ್ನು ತೆರೆಯಿಸಿ, ಪ್ರತ್ಯೇಕ ಶಿಬಿರದಲ್ಲಿದ್ದವರ ಊಟೋಪಚಾರಗಳ ಕಡೆಗೆ ಲಕ್ಷ್ಯವಿಟ್ಟು ತಾವೇ ಓಡಾಡಿದರು. ಓಡಿಹೋದ ಮುಖಂಡರನ್ನು ಕೇಸರಿಯಲ್ಲಿ ಬಿಡದೆ ಟೀಕಿಸಿದರು. ಹೀಗೆ ಮೊದಲು ಸ್ವಜನರಿಗೆ ಬುದ್ಧಿ ಹೇಳಿದ ಬಳಿಕವೇ ಅವರು ಸಿಪಾಯಿಗಳ ದುರ್ವರ್ತನೆಯ ಸುದ್ದಿಗಳನ್ನೂ ಜನರ ದೂರುಗಳಿಗೆ ಕಿವಿಗೊಡದ ರ್‍ಯಾಂಡನ ಹಟವನ್ನೂ ಕಟುವಾಗಿ ಬರೆದರು. ರೋಗದ ನಡುವೆ ನಿಂತು ಬರೆದವರ ಮಾತಿಗೆ ಒಂದು ತೂಕವಿರುತ್ತದೆ.

ಜೂನ್ 22ರ ರಾತ್ರಿ, ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವವನ್ನು ಮುಗಿಸಿ ಗಣೇಶಖಿಂಡದಿಂದ ಮರಳುತ್ತಿದ್ದಾಗ ರ್‍ಯಾಂಡ್ ಮತ್ತು ಲೆಫ್ಟಿನೆಂಟ್ ಏಯರ್ಸ್ಟ್ ಎಂಬವರಿಗೆ ಗುಂಡೇಟು ಬಿದ್ದಿತು. ಏಯರ್ಸ್ಟನು ಕೂಡಲೇ, ರ್‍ಯಾಂಡನು ಜುಲೈ 3ರಂದು ಮೃತರಾದರು. ಗುಂಡು ಹಾರಿಸಿದವರು ಚಾಪೇಕರ ಸಹೋದರರು. ಅವರಲ್ಲಿ ಮೂವರು 1898 ಮತ್ತು 1899ರಲ್ಲಿ ನೇಣುಗಂಬವನ್ನೇರಿದರು. ಆದರೆ ಆ ಜುಲೈಯಲ್ಲಿ ಕೊಲೆಗಾರರು ಸಿಕ್ಕಿರಲಿಲ್ಲ; ಸರಕಾರದ ದೃಷ್ಟಿ ಪತ್ರಿಕೆಗಳ ಮೇಲೆ ಬಿದ್ದಿತು. ನಾತು ಸಹೋದರರನ್ನು ವಿಚಾರಣೆಯಿಲ್ಲದೆಯೇ ಬಂಧನದಲ್ಲಿಟ್ಟರು. ಜುಲೈ 27ರಂದು ತಿಲಕರ ಬಂಧನವಾಯಿತು.

ಆ ಸಮಯದಲ್ಲಿ ಗೋಪಾಲಕೃಷ್ಣ ಗೋಖಲೆಯವರು ವಿಲಾಯತಿಯಲ್ಲಿದ್ದರು. ಪುಣೆಯಿಂದ ಬಂದ ಪತ್ರಗಳನ್ನು ನಂಬಿ, ಸಿಪಾಯಿಗಳು ಸ್ತ್ರೀಯರ ಮಾನಭಂಗ ಮಾಡಿದರೆಂದು ಅವರು ಅಲ್ಲಿಯ ಪತ್ರಿಕೆಗೆ ತಿಳಿಸಿದರು. ಹಿಂತಿರುಗಿದಾಗ, ಪತ್ರ ಬರೆದವರು ಯಾರೂ ಬಹಿರಂಗವಾಗಿ ಸಾಕ್ಷ್ಯ ನುಡಿಯಲು ಸಿದ್ಧರಿರಲಿಲ್ಲ; ಗೋಖಲೆಯವರು ಕ್ಷಮೆ ಯಾಚಿಸಬೇಕಾಯಿತು. ಆಧಾರವಿಲ್ಲದ ಸುದ್ದಿಯು ಸತ್ಯವಾದ ದೂರುಗಳಿಗೂ ಹಾನಿಮಾಡುತ್ತದೆಂಬುದಕ್ಕೆ ಇದು ನಿದರ್ಶನ. ಆದರೆ ಆಡಳಿತಕ್ಕೆ ಅಂಜಿ ಬಾಯಿ ಮುಚ್ಚಿದ ಊರಿನಲ್ಲಿ ಸಾಕ್ಷಿಯನ್ನು ತರುವುದೆಲ್ಲಿಂದ?

ಮುಂಬಯಿಯ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಸ್ಟ್ರೇಚಿಯವರ ಮುಂದೆ ಸೆಪ್ಟೆಂಬರಿನಲ್ಲಿ ವಿಚಾರಣೆ ನಡೆಯಿತು. ವಿಶೇಷವೇನೆಂದರೆ, ಆರೋಪದಲ್ಲಿ ಪ್ಲೇಗಿನ ವರದಿಗಳು ಇರಲೇ ಇಲ್ಲ! ಜೂನ್ 15ರ ಕೇಸರಿಯಲ್ಲಿ ಬಂದಿದ್ದ ಶಿವಾಜಿ ಉತ್ಸವದ ಭಾಷಣಗಳ ವರದಿ ಮತ್ತು ಒಂದು ಕವಿತೆ, ಇವೇ ರಾಜದ್ರೋಹದ ಬರಹಗಳೆನಿಸಿದವು. ಸಿಪಾಯಿಗಳ ನಡತೆಯ ಬಗ್ಗೆ ಬರೆದುದು ಸುಳ್ಳೆಂದು ಸಿದ್ಧಪಡಿಸುವ ಹೊರೆಯು ಸರಕಾರದ ಮೇಲೆ ಬೀಳಲೇ ಇಲ್ಲ. ಸರಕಾರದ ಮೇಲೆ ಪ್ರೀತಿಯಿಲ್ಲದಿರುವುದೇ ಅಪ್ರೀತಿ ಎಂಬಂತೆ ನ್ಯಾಯಾಧೀಶರು ಕಾಯಿದೆಯ ಶಬ್ದವನ್ನು ಹಿಗ್ಗಿಸಿದರು. ಒಂಬತ್ತು ಮಂದಿ ಜೂರಿಯಲ್ಲಿ ಆರು ಯುರೋಪಿಯನ್ನರು ಅಪರಾಧಿಯೆಂದರು, ಮೂವರು ಭಾರತೀಯರು ನಿರಪರಾಧಿಯೆಂದರು. 14ನೆಯ ತಾರೀಖಿಗೆ 18 ತಿಂಗಳ ಕಠಿಣ ಸಜೆಯಾಯಿತು. ಮರುವರ್ಷ ರಾಜದ್ರೋಹದ 124ಎ ಕಲಮನ್ನು ತಿದ್ದಿ ಇನ್ನಷ್ಟು ಬಿಗಿಗೊಳಿಸಿದರು. ಮ್ಯಾಕ್ಸ್ ಮುಲ್ಲರ್ ಮೊದಲಾದ ವಿದ್ವಾಂಸರ ಬಿನ್ನಹದ ಬಳಿಕ ತಿಲಕರು 1898ರ ಸೆಪ್ಟೆಂಬರಿನಲ್ಲಿ ಬಿಡುಗಡೆ ಹೊಂದಿದರು.

ಇಷ್ಟು ಬಲಪ್ರಯೋಗದಿಂದ ಪ್ಲೇಗು ನಿಂತಿತೇ? ಇಲ್ಲ. ಸಿಪಾಯಿಗಳು ನೆಲ ತೊಳೆದು ಬಟ್ಟೆ ಸುಡುತ್ತಿದ್ದಾಗ ಇಲಿಗಳು ಪಕ್ಕದ ಮನೆಗೆ ಓಡುತ್ತಿದ್ದವು. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುವುದೆಂದು ಸಿಮೊಂಡ್ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ತೋರಿಸಿಕೊಟ್ಟುದು 1898ರಲ್ಲಿ. ಹಾಫ್ಕಿನ್ ಅವರು 1897ರ ಜನವರಿಯಲ್ಲಿಯೇ ಮುಂಬಯಿಯಲ್ಲಿ ಲಸಿಕೆಯನ್ನು ತಯಾರಿಸಿ ಮೊದಲು ತಮಗೇ ಚುಚ್ಚಿಕೊಂಡಿದ್ದರು. ಆದರೆ ಜನರು ಸರಕಾರದ ಸೂಜಿಗೆ ಹೆದರುತ್ತಿದ್ದರು. ನಂಬಿಕೆಯು ಸಿಪಾಯಿಗಳ ಬೂಟಿನಡಿಯಲ್ಲಿ ಮೊದಲೇ ಮುರಿದಿದ್ದಿತು. ಮುಂದಿನ ದಶಕಗಳಲ್ಲಿ ದೇಶದಲ್ಲಿ ಪ್ಲೇಗಿಗೆ ಬಲಿಯಾದವರು ಒಂದು ಕೋಟಿಗೂ ಮಿಗಿಲು. ತಿಲಕರ ಹಿರಿಯ ಮಗನೂ ಅವರಲ್ಲಿ ಒಬ್ಬನು.

ಆ ಎರಡು ಕಾಯಿದೆಗಳ ಆಯುಷ್ಯವು ಆಂಗ್ಲರ ಆಳಿಕೆಗಿಂತಲೂ ದೀರ್ಘವಾಯಿತು. 124ಎ ಕಲಮು ಹಳೆಯ ದಂಡಸಂಹಿತೆಯೊಡನೆ ಹಿಂದೆ ಸರಿದುದು 2024ರ ಜುಲೈ 1ರಂದು. ನಮ್ಮ ಹೋಟೆಲುಗಳೆಲ್ಲ ಬಾಗಿಲು ಹಾಕಿಕೊಂಡ 2020ರ ಕೊರೋನಾ ಕಾಲದಲ್ಲಿ ಸರಕಾರಗಳು ಕೈಗೆತ್ತಿಕೊಂಡುದು ಅದೇ 1897ರ ಕಾಯಿದೆಯನ್ನು. ಸರಕಾರದಿಂದ ಖಚಿತಪಡಿಸಿಕೊಳ್ಳದೆ ರೋಗದ ಸುದ್ದಿಯನ್ನು ಪ್ರಕಟಿಸಬಾರದೆಂದು ಪತ್ರಿಕೆಗಳಿಗೆ ಆಜ್ಞಾಪಿಸಬೇಕೆಂದು ಕೇಂದ್ರ ಸರಕಾರವು ಸುಪ್ರೀಂ ಕೋರ್ಟನ್ನು ಕೇಳಿತು. ಮುಕ್ತ ಚರ್ಚೆಗೆ ಅಡ್ಡಬರುವುದಿಲ್ಲವೆಂದ ನ್ಯಾಯಾಲಯವು, ಸರಕಾರಿ ವಿವರಗಳನ್ನು ಪತ್ರಿಕೆಗಳು ಪ್ರಕಟಿಸಬೇಕೆಂದು ಮಾರ್ಚ್ 31ರಂದು ಹೇಳಿತು.

ತಿಲಕರ ಉಳಿದ ಜೀವನವು ಸರ್ವವಿದಿತ. 1908ರಲ್ಲಿ ಮತ್ತೆ ಕೇಸರಿಯ ಲೇಖನಗಳಿಗಾಗಿ ರಾಜದ್ರೋಹದ ಆರೋಪ, ಆರು ವರ್ಷಗಳ ಶಿಕ್ಷೆ. ತೀರ್ಪಿತ್ತ ನ್ಯಾಯಮೂರ್ತಿ ದಾವರರು ಹಿಂದೆ 1897ರಲ್ಲಿ ಇವರ ಜಾಮೀನಿಗಾಗಿ ವಾದಿಸಿದ್ದ ವಕೀಲರು! ಮುಂಬಯಿಯ ಗಿರಣಿ ಕೆಲಸಗಾರರು ಆರು ದಿನ ಕೆಲಸ ನಿಲ್ಲಿಸಿದರು. ಮಂಡಾಲೆಯ ಸೆರೆಯಲ್ಲಿ ಗೀತಾರಹಸ್ಯ ರೂಪುಗೊಂಡಿತು. ಅದನ್ನು ಕನ್ನಡಕ್ಕೆ ತಂದವರು ನಮ್ಮ ಆಲೂರ ವೆಂಕಟರಾಯರು. ಸೆರೆಯಲ್ಲಿರುವಾಗಲೇ, 1912ರಲ್ಲಿ, ಪತ್ನಿ ಸತ್ಯಭಾಮಾಬಾಯಿ ತೀರಿಕೊಂಡರು. ಬಿಡುಗಡೆಯಾಗಿ ಬಂದವರು 1916ರ ಏಪ್ರಿಲಿನಲ್ಲಿ ಹೋಮ್‌ರೂಲ್ ಸಂಘವನ್ನು ಸ್ಥಾಪಿಸಿದುದು ನಮ್ಮ ಬೆಳಗಾವಿಯಲ್ಲಿ.

1920ರ ಆಗಸ್ಟ್ 1ರಂದು ಮುಂಬಯಿಯ ಸರದಾರಗೃಹದಲ್ಲಿ ಅವರು ಕೊನೆಯುಸಿರೆಳೆದರು. ಅದು ಕ್ರಾಫರ್ಡ್ ಮಾರ್ಕೆಟಿನ ಬಳಿಯ ಒಂದು ವಸತಿಗೃಹ. ಮುಂಬಯಿಗೆ ಬಂದಾಗಲೆಲ್ಲ ಅವರ ಬಿಡಾರ ಅಲ್ಲಿಯೇ. ಅದೇ ದಿನ ಮಳೆಯಲ್ಲಿಯೂ ಲಕ್ಷಾಂತರ ಜನರು ಸೇರಿ, ಅವರ ದೇಹಕ್ಕೆ ಗಿರಗಾಂವ ಚೌಪಾಟಿಯ ಮರಳಿನ ಮೇಲೆ ಅಗ್ನಿಸಂಸ್ಕಾರ ಮಾಡಿದರು.