ವೆಲ್ಲೂರಿನ ವೈದ್ಯಮಾತೆ

ರೋಗನಿವಾರಣೆಗೆ ನಾಲ್ಕು ಪಾದಗಳುಂಟೆಂದು ಚರಕಾಚಾರ್ಯರು ನಿರೂಪಿಸಿದ್ದಾರೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಈ ನಾಲ್ಕೂ ಗುಣಸಂಪನ್ನವಾಗಿದ್ದರೆ ವ್ಯಾಧಿಯು ಶಮನವಾಗುವುದೆಂಬುದು ಆಯುರ್ವೇದದ ಸಿದ್ಧಾಂತ. ಆದರೆ ವೈದ್ಯನು ಒಂದೂರಿನಲ್ಲಿಯೂ ರೋಗಿಯು ಇನ್ನೊಂದೂರಿನಲ್ಲಿಯೂ ಇದ್ದರೆ ಗತಿಯೇನು? ಇಬ್ಬರೂ ಒಂದೇ ಬೀದಿಯಲ್ಲಿದ್ದು, ನಡುವೆ ರೂಢಿಯ ಗೋಡೆಯೊಂದು ಎದ್ದು ನಿಂತಿದ್ದರೆ ಮಾಡುವುದೇನು? ನಾಲ್ಕು ಪಾದಗಳೂ ಇದ್ದು ಅವು ಒಂದೆಡೆ ಕೂಡದಿದ್ದರೆ ಶಾಸ್ತ್ರವು ಗ್ರಂಥದಲ್ಲಿಯೇ ಉಳಿಯುತ್ತದೆ, ರೋಗಿಯು ಮಣ್ಣುಗೂಡುತ್ತಾನೆ. ಈ ನಡುವಣ ದೂರವನ್ನು ನೀಗುವುದಕ್ಕಾಗಿಯೇ ತಮ್ಮ ಆಯುಷ್ಯವನ್ನೆಲ್ಲ ಸವೆಸಿದ ಒಬ್ಬ ಮಹಿಳೆಯ ಚರಿತ್ರೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಆ ಮಹಿಳೆಯೇ ವೆಲ್ಲೂರಿನ ಡಾಕ್ಟರ್ ಐಡಾ ಸ್ಕಡರ್.

ಐಡಾ ಅವರು 1870ನೆಯ ಇಸವಿ ಡಿಸೆಂಬರ್ 9ರಂದು ಉತ್ತರ ಆರ್ಕಾಟು ಜಿಲ್ಲೆಯ ರಾಣಿಪೇಟೆಯಲ್ಲಿ ಜನಿಸಿದರು. ತಂದೆ ಜಾನ್ ಸ್ಕಡರ್ ವೈದ್ಯರು, ತಾಯಿ ಸೋಫಿಯಾ. ಇದೇ ಹೆಸರಿನ ಪಿತಾಮಹರು 1819ರಲ್ಲಿಯೇ ಅಮೆರಿಕದಿಂದ ಸಿಂಹಳದ್ವೀಪಕ್ಕೆ ಬಂದು, ತರುವಾಯ ಮದರಾಸು ಪ್ರಾಂತದಲ್ಲಿ ವೈದ್ಯವೃತ್ತಿಯನ್ನೂ ಮತಪ್ರಚಾರವನ್ನೂ ಜೊತೆಜೊತೆಯಾಗಿ ನಡೆಸಿದವರು. ಅವರ ಮಕ್ಕಳೂ ಅದೇ ಹಾದಿಯನ್ನು ತುಳಿದರು. ಹೀಗೆ ವೈದ್ಯವೂ ಪ್ರಚಾರವೂ ಆ ಮನೆತನಕ್ಕೆ ವಂಶಪರಂಪರೆಯಾಗಿ ಬಂದಿದ್ದವು.

ಬಾಲಿಕೆಗೆ ಆರೇಳು ವರ್ಷಗಳಾಗಿದ್ದಾಗ ದಕ್ಷಿಣ ದೇಶವನ್ನೆಲ್ಲ ಘೋರ ಕ್ಷಾಮವು ಆವರಿಸಿತು. 1876ರಿಂದ 1878ರವರೆಗಿನ ಆ ಕ್ಷಾಮವನ್ನು ನಮ್ಮ ಹಿರಿಯರು ಧಾತು-ಈಶ್ವರದ ಬರವೆಂದು ಕರೆದು, ಮೂರು ತಲೆಮಾರಿನವರೆಗೂ ಹೇಳಿಕೊಂಡು ಬಂದಿದ್ದಾರೆ. ಮೈಸೂರು ಬಳ್ಳಾರಿ ಸೀಮೆಗಳನ್ನು ಬರಿದುಮಾಡಿದ ಆ ಬರವೇ ಆರ್ಕಾಟನ್ನೂ ಸುಟ್ಟಿತು. ಹಸಿದ ಮಕ್ಕಳ ಕೈಗೆ ರೊಟ್ಟಿಯ ತುಣುಕುಗಳನ್ನು ಹಂಚುವ ಕೆಲಸವು ಆ ಎಳೆಯ ಬಾಲಿಕೆಯ ಪಾಲಿಗೆ ಬಂದಿತು. ಕೈಚಾಚಲೂ ತ್ರಾಣವಿಲ್ಲದ ಮಕ್ಕಳನ್ನು ಕಂಡ ಆ ನೋಟವು ಆಕೆಯ ಮನಸ್ಸಿನಲ್ಲಿ ಕರುಣೆಯನ್ನು ಮಾತ್ರವಲ್ಲ, ಭೀತಿಯನ್ನೂ ಬಿತ್ತಿತು. ಮುಂದೆ ಸಂಸಾರವು ಸ್ವದೇಶಕ್ಕೆ ಹೋಯಿತು. ಕೆಲವು ವರ್ಷಗಳ ಮೇಲೆ ತಂದೆತಾಯಿಗಳು ಮಗಳನ್ನು ಅಲ್ಲಿಯೇ ಬಿಟ್ಟು ಭಾರತಕ್ಕೆ ಹಿಂದಿರುಗಿದಾಗ, ಆ ಅಗಲಿಕೆಯ ನೋವು ಆಕೆಯ ಭೀತಿಯನ್ನು ವೈರಾಗ್ಯವಾಗಿ ಮಾರ್ಪಡಿಸಿತು. ವೈರಾಗ್ಯವೆಂದರೆ ಸಂಸಾರದಲ್ಲಿ ಅಲ್ಲ, ಸೇವೆಯಲ್ಲಿ! ಬರ, ರೋಗ, ದಾರಿದ್ರ್ಯಗಳಿಂದ ತುಂಬಿದ ಆ ದೇಶಕ್ಕೆ ತಾನು ಹೋಗಲಾರೆನೆಂದು ಆ ತರುಣಿ ನಿಶ್ಚಯಿಸಿಕೊಂಡರು.

ವಿಧಿಯ ಸಂಕಲ್ಪವು ಬೇರೆಯಾಗಿದ್ದಿತು. 1890ರಲ್ಲಿ ತಾಯಿಯು ಅಸ್ವಸ್ಥರಾದರೆಂಬ ಸಮಾಚಾರವು ಬಂದುದರಿಂದ ಐಡಾ ಅವರು ದಕ್ಷಿಣ ಆರ್ಕಾಟಿನ ತಿಂಡಿವನಕ್ಕೆ ಬರಬೇಕಾಯಿತು. ತಾಯಿ ಗುಣಹೊಂದುವವರೆಗೆ ಮಾತ್ರ ಇದ್ದು ಹಿಂದಿರುಗುವುದೆಂಬುದು ಅವರ ಎಣಿಕೆ. ಒಂದು ರಾತ್ರಿ ಅವರು ದೀಪದ ಮುಂದೆ ಕುಳಿತಿದ್ದಾಗ ಬ್ರಾಹ್ಮಣ ಯುವಕನೊಬ್ಬನು ಬಂದು, ತನ್ನ ಪತ್ನಿಯು ಪ್ರಸವವೇದನೆಯಿಂದ ಸಾಯುತ್ತಿರುವಳೆಂದೂ ಕೂಡಲೇ ಬರಬೇಕೆಂದೂ ಬೇಡಿದನು. ತಮಗೆ ವೈದ್ಯವು ತಿಳಿಯದು, ತಮ್ಮ ತಂದೆಯವರು ನುರಿತ ವೈದ್ಯರಿದ್ದಾರೆಂದು ಐಡಾ ತಿಳಿಸಿದರು. ಪರಪುರುಷನು ತನ್ನ ಪತ್ನಿಯನ್ನು ನೋಡುವುದಕ್ಕಿಂತ ಆಕೆ ಸಾಯುವುದೇ ಲೇಸೆಂಬ ಕುಲಾಚಾರವು ಅವನನ್ನು ಕಟ್ಟಿಹಾಕಿದ್ದಿತು. ಆತನು ಖಿನ್ನನಾಗಿ ಕತ್ತಲೆಯಲ್ಲಿ ಮರೆಯಾದನು. ಸ್ವಲ್ಪ ಹೊತ್ತಿನಲ್ಲಿಯೇ ಮುಸಲ್ಮಾನ ಗೃಹಸ್ಥನೊಬ್ಬನು ಅದೇ ಸಂಕಟವನ್ನು ಹೊತ್ತು ಬಂದನು. ತಂದೆಯವರೇ ಎದುರಿಗೆ ನಿಂತು ಬರಲು ಸಿದ್ಧರಾದರೂ ಅವನೂ ಒಪ್ಪಲಿಲ್ಲ. ಆಮೇಲೆ ಮೂರನೆಯವನೊಬ್ಬನು, ಮೇಲ್ಜಾತಿಯ ಹಿಂದೂ, ಬಂದು ಅದೇ ಉತ್ತರವನ್ನು ಕೇಳಿ ಹಿಂದಿರುಗಿದನು.

ಆ ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ. ಬೆಳಗಾಗುವಾಗ ಬೀದಿಯಲ್ಲಿ ಶವಯಾತ್ರೆಯ ತಮಟೆಯ ಧ್ವನಿ ಕೇಳಿಸಿತು. ಸೇವಕನನ್ನು ಕಳುಹಿಸಿ ವಿಚಾರಿಸಲಾಗಿ, ಮೂವರು ಸ್ತ್ರೀಯರೂ ಗತಿಸಿದ್ದರೆಂಬುದು ತಿಳಿಯಿತು. ಮತ ಬೇರೆ, ಕುಲ ಬೇರೆ. ಮೂರು ಮನೆಗಳ ಬಾಗಿಲುಗಳನ್ನು ಮುಚ್ಚಿದ ಅಗುಳಿಯು ಮಾತ್ರ ಒಂದೇ. ವೈದ್ಯರು ಕೂಗಳತೆಯಲ್ಲಿಯೇ ಇದ್ದರು, ಔಷಧವೂ ಇದ್ದಿತು. ಇಲ್ಲದಿದ್ದುದು ಆ ಹೊಸ್ತಿಲನ್ನು ದಾಟಬಲ್ಲ ಸ್ತ್ರೀವೈದ್ಯೆಯೊಬ್ಬಳು. ಬಹುಕಾಲ ಏಕಾಂತದಲ್ಲಿ ಪ್ರಾರ್ಥಿಸಿ, ಹೊರಬಂದ ಐಡಾ ಅವರು, ತಾವು ಅಮೆರಿಕಕ್ಕೆ ಹೋಗಿ ವೈದ್ಯವಿದ್ಯೆಯನ್ನು ಕಲಿತು ಇಲ್ಲಿಗೇ ಹಿಂದಿರುಗುವುದಾಗಿ ತಂದೆತಾಯಿಗಳಿಗೆ ತಿಳಿಸಿದರು.

ಫಿಲಡೆಲ್ಫಿಯಾ ನಗರದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ವಿದ್ಯಾಭ್ಯಾಸವು ಮೊದಲಾಯಿತು. ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜು ಸ್ತ್ರೀಯರಿಗೆ ಪ್ರವೇಶವನ್ನು ಕೊಟ್ಟಾಗ ಅಲ್ಲಿಗೆ ಸೇರಿ 1899ರಲ್ಲಿ ಪದವಿಯನ್ನು ಪಡೆದರು. ಹೊರಡುವ ಮುನ್ನ ವೆಲ್ಲೂರಿನಲ್ಲಿ ಸ್ತ್ರೀಯರಿಗೊಂದು ಆಸ್ಪತ್ರೆಯನ್ನು ಕಟ್ಟಲು ಹಣವನ್ನು ಕೂಡಿಸುವ ಹೊಣೆಯೂ ಅವರ ಮೇಲೆ ಬಿದ್ದಿತು. ಶೆಲ್ ಎಂಬ ವೃದ್ಧ ಧನಿಕರು ತಮ್ಮ ದಿವಂಗತ ಪತ್ನಿ ಮೇರಿ ಟೇಬರ್ ಶೆಲ್ ಅವರ ಸ್ಮರಣಾರ್ಥವಾಗಿ 10,000 ಡಾಲರುಗಳನ್ನು ಒಮ್ಮೆಗೇ ದಾನಮಾಡಿದರು. 1900ನೆಯ ಇಸವಿಯ ಆರಂಭದಲ್ಲಿ ಐಡಾ ಅವರು ಮತ್ತೆ ಭಾರತದ ನೆಲವನ್ನು ಮೆಟ್ಟಿದರು. ತಂದೆಯವರ ಬಳಿಯಲ್ಲಿದ್ದು ಅನುಭವವನ್ನು ಪಡೆಯಬೇಕೆಂಬುದು ಅವರ ಆಸೆ. ಆದರೆ ಅದೇ ವರ್ಷ, ಕೆಲವೇ ತಿಂಗಳುಗಳಲ್ಲಿ, ತಂದೆಯವರು ಕಾಲವಾದರು.

ಹೀಗೆ ಗುರುವಿನ ಆಸರೆ ತಪ್ಪಿದ ಮೇಲೆ ವೆಲ್ಲೂರಿನ ಬಂಗಲೆಯ ಒಂದು ಕೋಣೆಯೇ ಔಷಧಾಲಯವಾಯಿತು. ಅದರಲ್ಲಿ ಇದ್ದುದು ಒಂದೇ ಹಾಸಿಗೆ. ಮೊದಮೊದಲು ಜನರು ಸುಲಭವಾಗಿ ಬರಲಿಲ್ಲ. ಬಂದವರೂ ಎಲ್ಲ ಚಿಕಿತ್ಸೆಗಳೂ ವಿಫಲವಾದ ಮೇಲೆ ಕೊನೆಗಾಲದಲ್ಲಿ ಬಂದವರು. ವೈದ್ಯೆಯ ಮೇಲಣ ನಂಬಿಕೆಯು ಬೋರ್ಡನ್ನು ತೂಗುಹಾಕುವುದರಿಂದ ಬರುವುದಿಲ್ಲವಷ್ಟೆ. ಐಡಾ ಅವರ ಒಡನೆ ಬಂದಿದ್ದ ಗೆಳತಿ ಆನಿ ಹ್ಯಾನ್‌ಕಾಕ್ ಅವರು ಊರಿನ ಮನೆಮನೆಗಳಿಗೆ ಹೋಗಿ, ಒಳಮನೆಯ ಹೆಂಗಸರೊಡನೆ ಕುಳಿತು, ಅವರ ಸ್ನೇಹವನ್ನು ಸಂಪಾದಿಸಿದರು. ಒಳಮನೆಯ ಕಷ್ಟವು ಹೀಗೆ ಹೊರಗೆ ತಿಳಿಯಿತು. ಔಷಧಾಲಯದ ಸುದ್ದಿಯು ಒಳಮನೆಗೆ ಮುಟ್ಟಿತು. ಸಲೋಮಿ ಎಂಬ ಸ್ಥಳೀಯ ಸ್ತ್ರೀಯು ಗಾಯವನ್ನು ತೊಳೆಯುವುದನ್ನೂ ಪಟ್ಟಿ ಕಟ್ಟುವುದನ್ನೂ ಕಲಿತು ಮೊದಲ ಪರಿಚಾರಕಿಯಾದಳು. ಎರಡು ವರ್ಷಗಳಲ್ಲಿ ಅಲ್ಲಿ ಚಿಕಿತ್ಸೆ ಹೊಂದಿದವರ ಸಂಖ್ಯೆ 5,000. ಶೆಲ್ ಅವರ ದಾನದಿಂದ ಕಟ್ಟಿದ 40 ಹಾಸಿಗೆಗಳ ಆಸ್ಪತ್ರೆಯು 1902ರಲ್ಲಿ ಬಾಗಿಲು ತೆರೆಯಿತು.

ಇಲ್ಲಿಗೆ ನಿಂತಿದ್ದರೂ ಐಡಾ ಅವರ ಪ್ರತಿಜ್ಞೆಯು ನೆರವೇರಿತೆಂದೇ ಲೋಕವು ಹೇಳುತ್ತಿದ್ದಿತು. ಆದರೆ ಆಸ್ಪತ್ರೆಗೆ ಬಂದವರನ್ನು ನೋಡಿದಷ್ಟೂ ಬಾರದವರ ನೆನಪು ಅವರನ್ನು ಕಾಡಿತು. ಹೊಲದ ಕೂಲಿಯನ್ನು ಬಿಟ್ಟರೆ ಅಂದಿನ ಗಂಜಿಗೆ ದಾರಿಯಿಲ್ಲದವರು, ಗಾಡಿಯ ಬಾಡಿಗೆ ಕೊಡಲಾರದವರು, ಕಣ್ಣು ಕಾಣದ ಮುದುಕರು, ಕುಷ್ಠರೋಗಿಯೆಂದು ಊರ ಹೊರಗೆ ದೂಡಲ್ಪಟ್ಟವರು, ಇವರು ಹೇಗೆ ವೆಲ್ಲೂರನ್ನು ತಲುಪಿಯಾರು? ಆದುದರಿಂದ ಅವರು ವಾರಕ್ಕೊಮ್ಮೆ ಎತ್ತಿನ ಗಾಡಿಯಲ್ಲಿ ಔಷಧಗಳನ್ನು ಹೇರಿಕೊಂಡು ಗುಡಿಯಾತ್ತಂ ಪಟ್ಟಣದ ದಾರಿಯನ್ನು ಹಿಡಿದರು. 1909ರಲ್ಲಿ ಒಂದು ಚಿಕ್ಕ ಪ್ಯೂಜೋ ಮೋಟಾರು ದೊರೆಯಿತು. ಎತ್ತಿಲ್ಲದೆ ಓಡುವ ಆ ಗಾಡಿಯನ್ನು ಕಂಡ ಹಳ್ಳಿಗರು ಮೊದಲು ದೆವ್ವವೆಂದು ಬೆದರಿ ಓಡಿದರಂತೆ. ಕ್ರಮೇಣ ಅದು ಬರುವ ದಿನವನ್ನು ಲೆಕ್ಕ ಹಾಕಿ, ಮರಗಳ ನೆರಳಿನಲ್ಲಿ ಕಾದು ಕುಳಿತುಕೊಳ್ಳುವಂತಾದರು.

ಆ ಮರದ ನೆರಳೇ ಧರ್ಮಾಸ್ಪತ್ರೆ. ಗಾಡಿಯು ನಿಂತ ಕೂಡಲೆ ಔಷಧದ ಪೆಟ್ಟಿಗೆಗಳು ಇಳಿಯುವುವು. ಕೀವು ತುಂಬಿದ ಹುಣ್ಣುಗಳನ್ನು ಕೊಯ್ದು ತೊಳೆಯುವುದು, ಬೇನೆ ಬಂದ ಕಣ್ಣುಗಳಿಗೆ ಔಷಧ ಬಿಡುವುದು, ಜ್ವರಕ್ಕೆ ಗುಳಿಗೆ ಕೊಡುವುದು, ಬಸುರಿಯರನ್ನು ಪರೀಕ್ಷಿಸಿ ಎಚ್ಚರಿಕೆ ಹೇಳುವುದು, ಅಲ್ಲಿ ಆಗದ ರೋಗವನ್ನು ಗುರುತಿಸಿ ಆಸ್ಪತ್ರೆಗೆ ಕರೆದೊಯ್ಯುವುದು, ಇವೇ ಅಲ್ಲಿಯ ವ್ಯಾಪಾರ. ಕೊಡಲಾರದವನನ್ನು ಕೈ ಬರಿದೆಂದು ಹಿಂದಕ್ಕೆ ಕಳುಹಿಸುವ ಪದ್ಧತಿಯಿರಲಿಲ್ಲ. ಮುಂದಿನ ವಾರವೂ ಗಾಡಿಯು ಬಂದೇ ಬರುವುದೆಂಬ ಭರವಸೆಯೇ ಆ ಚಿಕಿತ್ಸೆಯ ಜೀವ. ಒಂದು ದಿನ ಬಂದು ಔಷಧ ಚೆಲ್ಲಿ ಹೋಗುವವನನ್ನು ಜನ ಮರೆಯುತ್ತಾರೆ. ತಪ್ಪದೆ ಬರುವವನನ್ನು ನಂಬುತ್ತಾರೆ.

ಈ ಸಂಚಾರಗಳಿಂದ ಐಡಾ ಅವರಿಗೆ ಇನ್ನೊಂದು ಸತ್ಯವು ಹೊಳೆಯಿತು. ದಾರಿಯ ಉದ್ದಕ್ಕೂ ಕಾಯುತ್ತಿದ್ದವರು ಸಹಸ್ರಾರು. ವೈದ್ಯೆಯ ಕೈಗಳು ಎರಡೇ. ಸಾಗರೋತ್ತರದಿಂದ ಬರುವ ಕೆಲವರಿಂದ ಈ ದೇಶದ ಸ್ತ್ರೀಯರ ಸಂಕಟವು ಪರಿಹಾರವಾಗದು, ಈ ದೇಶದ ಹೆಣ್ಣುಮಕ್ಕಳೇ ವೈದ್ಯೆಯರಾಗಬೇಕು. 1909ರಲ್ಲಿ ಶುಶ್ರೂಷಕಿಯರ ಶಿಕ್ಷಣಶಾಲೆಯನ್ನು ತೆರೆದರು. ಅನ್ಯರ ವ್ರಣವನ್ನು ಮುಟ್ಟುವುದು ಹೀನವೃತ್ತಿಯೆಂದು ಭಾವಿಸಿದ್ದ ಕಾಲದಲ್ಲಿ ಅದು ಸಾಹಸವೇ ಸರಿ. ಅನಂತರ ಹೆಣ್ಣುಮಕ್ಕಳಿಗೆ ವೈದ್ಯಶಾಲೆಯನ್ನು ಸ್ಥಾಪಿಸಲು ಹೊರಟಾಗ, ಮೂವರು ಅರ್ಜಿದಾರರು ಸಿಕ್ಕರೆ ಪುಣ್ಯವೆಂದು ಹಾಸ್ಯ ಮಾಡಿದವರೂ ಇದ್ದರು. 1918ರಲ್ಲಿ ಶಾಲೆಯು ಆರಂಭವಾಯಿತು. ಬಂದ ಅರ್ಜಿಗಳು 151. ಮೊದಲನೆಯ ವರ್ಷದ ಪರೀಕ್ಷೆಗೆ ಕುಳಿತ ವಿದ್ಯಾರ್ಥಿನಿಯರೆಲ್ಲರೂ ಉತ್ತೀರ್ಣರಾದರು. ಪುರುಷರ ಶಾಲೆಗಳಿಗೆ ಅಂಥ ಕೀರ್ತಿಯು ದಕ್ಕಲಿಲ್ಲ. ಗಾಂಧೀಜಿಯವರೂ 1920ರ ದಶಕದಲ್ಲಿ ಈ ಸಂಸ್ಥೆಯನ್ನು ಸಂದರ್ಶಿಸಿದರು.

ಆದರೆ ಸತ್ಕಾರ್ಯಕ್ಕೂ ಅಗ್ನಿಪರೀಕ್ಷೆಯುಂಟು. 1930ರ ದಶಕದ ಕೊನೆಯಲ್ಲಿ ಮದರಾಸು ಸರ್ಕಾರವು ಡಿಪ್ಲೊಮಾ ತರಗತಿಗಳನ್ನು ನಿಲ್ಲಿಸಿ, ವಿಶ್ವವಿದ್ಯಾನಿಲಯದ ಪದವಿಯೇ ವೈದ್ಯರ ಅರ್ಹತೆಯೆಂದು ವಿಧಿಸಿತು. ಪದವಿ ಕಾಲೇಜಿಗೆ ಬೇಕಾದ ಪ್ರಯೋಗಶಾಲೆಗಳು, ಹಾಸಿಗೆಗಳು, ಅಧ್ಯಾಪಕರು, ಇವು ಯಾವುವೂ ಸಾಲದೆ ಶಾಲೆಯು ಮುಚ್ಚುವ ಅಂಚಿಗೆ ಬಂದಿತು. ಎಪ್ಪತ್ತರ ವಯಸ್ಸಿನ ಐಡಾ ಅವರು ಯುದ್ಧಕಾಲದಲ್ಲಿ ಅಮೆರಿಕಕ್ಕೆ ಹೋಗಿ ಊರೂರು ಸುತ್ತಿ ನೆರವನ್ನು ಬೇಡಿದರು. ಇನ್ನೂ ಕಠಿಣವಾದ ಪ್ರಶ್ನೆಯೊಂದು ಎದುರಾಯಿತು. ಗಂಡುಮಕ್ಕಳಿಗೂ ಪ್ರವೇಶ ಕೊಟ್ಟರೆ ಹಲವು ಸಂಘಗಳ ಸಹಾಯ ಒದಗಿ ಕಾಲೇಜು ಉಳಿಯುವುದು. ಕೊಟ್ಟರೆ, ಸ್ತ್ರೀಯರಿಗಾಗಿಯೇ ಎತ್ತಿದ ಸಂಕಲ್ಪಕ್ಕೆ ದ್ರೋಹವೆಂದು ಹಳೆಯ ಸ್ನೇಹಿತರೇ ಮುನಿದರು. ದೀರ್ಘಕಾಲ ತೊಳಲಿ, ಐಡಾ ಅವರು ಬಾಗಿಲನ್ನು ಎಲ್ಲರಿಗೂ ತೆರೆಯುವ ಪಕ್ಷವನ್ನು ಹಿಡಿದರು. ತಾವು ಕಟ್ಟಿದುದನ್ನು ತಮ್ಮ ಮೊದಲ ಕಲ್ಪನೆಯ ಅಳತೆಗೇ ಕಟ್ಟಿಹಾಕದೆ ರೋಗಿಯ ಹಿತಕ್ಕೆ ಒಪ್ಪಿಸಿದುದು ಅವರ ಜೀವನದ ಅತ್ಯಂತ ದೊಡ್ಡ ತ್ಯಾಗವೆಂದು ನಮಗೆ ತೋರುತ್ತದೆ. 1942ರಲ್ಲಿ ಪದವಿ ತರಗತಿಗಳು ಪ್ರಾರಂಭವಾದವು. ಕೆಲವು ವರ್ಷಗಳಲ್ಲಿ ಯುವಕರೂ ಸೇರಿದರು.

1946ರಲ್ಲಿ ಅವರು ಅಧಿಕಾರವನ್ನು ತ್ಯಜಿಸಿ ಕೊಡೈಕಾನಲಿನಲ್ಲಿ ನೆಲಸಿದರು. 1960ನೆಯ ಇಸವಿ ಮೇ 24ರಂದು, ತಮ್ಮ 89ನೆಯ ವಯಸ್ಸಿನಲ್ಲಿ, ಅಲ್ಲಿಯೇ ದೇಹವನ್ನು ಬಿಟ್ಟರು. ಒಂದು ಹಾಸಿಗೆಯ ಕೋಣೆಯು ಇಂದು ಪ್ರಪಂಚವೇ ಅರಿತ ಮಹಾಸಂಸ್ಥೆಯಾಗಿದೆ. ನಮ್ಮ ಕೋಲಾರ ಬೆಂಗಳೂರು ಸೀಮೆಗಳಿಂದಲೂ ರೋಗಿಗಳು ಅಲ್ಲಿಗೆ ಹೋಗುತ್ತಾರೆ. ಆದರೆ ಅದರ ಭವ್ಯ ಕಟ್ಟಡಗಳಿಗಿಂತ ಬೇರೊಂದು ಸಂಗತಿ ಗಮನಾರ್ಹವಾದುದು. ಐಡಾ ಅವರು ಎತ್ತಿನ ಗಾಡಿಯಲ್ಲಿ ಸಾಗಿದ ಗುಡಿಯಾತ್ತಂ ದಿಕ್ಕಿನ ಕೆ. ವಿ. ಕುಪ್ಪಂ ಸೀಮೆಯಲ್ಲಿಯೇ 1977ರಲ್ಲಿ ಆ ಸಂಸ್ಥೆಯು ಗ್ರಾಮಗಳ ಆರೋಗ್ಯಕ್ಕೂ ಅಭ್ಯುದಯಕ್ಕೂ ಮೀಸಲಾದ ಒಂದು ವಿಭಾಗವನ್ನು ಸ್ಥಾಪಿಸಿತು. ಮರದ ನೆರಳಿನಲ್ಲಿ ಬಿತ್ತಿದ ಬೀಜವು ಆ ನೆಲದಲ್ಲಿಯೇ ಬೇರುಬಿಟ್ಟಿತು.

ಐಡಾ ಅವರು ಕ್ರೈಸ್ತ ಪ್ರಚಾರಕ ಸಂಘದ ಆಶ್ರಯದಲ್ಲಿ ಬಂದವರು, ತಮ್ಮ ಮತದಲ್ಲಿ ಅಚಲವಾದ ನಿಷ್ಠೆಯುಳ್ಳವರು. ಅದನ್ನು ಮರೆಮಾಚುವುದು ಸತ್ಯವಲ್ಲ. ಆದರೆ ಆ ರಾತ್ರಿ ತಿಂಡಿವನದಲ್ಲಿ ಬಾಗಿಲು ತಟ್ಟಿದವರ ಮತ ಯಾವುದೆಂಬುದು ಅವರ ಪ್ರತಿಜ್ಞೆಗೆ ಕಾರಣವಾಗಲಿಲ್ಲ. ಸತ್ತವರು ಮೂವರು ತಾಯಂದಿರೆಂಬುದೇ ಕಾರಣವಾಯಿತು. ಇಂದು ನಮ್ಮ ಊರುಗಳಲ್ಲಿ ಧರ್ಮಾರ್ಥ ಔಷಧಾಲಯಗಳನ್ನು ತೆರೆಯುವ ಸಜ್ಜನರು ಅನೇಕರಿದ್ದಾರೆ. ಅವರ ಪುಣ್ಯವು ವರ್ಧಿಸಲಿ. ಆದರೆ ಬಾಗಿಲು ತೆರೆದು ಕುಳಿತರೆ ದಾಸೋಹವು ಅರ್ಧವಾಯಿತೆಂದೇ ತಿಳಿಯಬೇಕು. ಆ ಬಾಗಿಲಿನವರೆಗೆ ಬರಲಾರದವನು ಯಾರು, ಯಾವ ನಾಚಿಕೆ, ಯಾವ ಬಡತನ, ಯಾವ ರೂಢಿ ಅವನನ್ನು ತಡೆದಿದೆಯೆಂದು ಕೇಳಿಕೊಂಡು ಅವನಲ್ಲಿಗೆ ನಡೆದು ಹೋಗುವುದೇ ಉಳಿದ ಅರ್ಧ. ಚರಕಾಚಾರ್ಯರ ನಾಲ್ಕು ಪಾದಗಳನ್ನು ಒಂದೆಡೆ ಕೂಡಿಸುವುದಕ್ಕೆ ಒಬ್ಬರು ಕಾಲು ಸವೆಸಲೇಬೇಕು. ವೆಲ್ಲೂರಿನ ಆ ತಾಯಿಯು ಅದನ್ನು ಹೇಳಿ ತೋರಿಸಲಿಲ್ಲ, ನಡೆದು ತೋರಿಸಿದರು.