ಹೆರ್ಮನ್ ಮೋಗ್ಲಿಂಗರ ಬಾಳುವೆ ಮತ್ತು ಬಳುವಳಿ

ನಮ್ಮ ನಾಡಿನಲ್ಲಿ ವರ್ಷಂಪ್ರತಿ ಜುಲೈ 1ನೆಯ ತಾರೀಖನ್ನು ಪತ್ರಿಕಾ ದಿನವೆಂದು ಆಚರಿಸುವ ರೂಢಿಯಿದೆ. 1843ನೆಯ ಇಸವಿಯ ಅದೇ ದಿನ ಕನ್ನಡದ ಮೊದಲನೆಯ ವೃತ್ತಪತ್ರಿಕೆಯು ಮಂಗಳೂರಿನಲ್ಲಿ ಹೊರಬಿದ್ದಿತೆಂಬುದು ವಾಚಕರಲ್ಲಿ ಬಹುಮಂದಿಗೆ ತಿಳಿದ ಸಂಗತಿ. ಅದನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗರು ಮಿಷನ್ನಿನ ವಿದ್ಯಾಲಯವೊಂದರ ಅಧ್ಯಾಪಕರಾಗಿದ್ದರೆಂಬುದು ಮಾತ್ರ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಪಾಠ, ಉಪದೇಶ, ಗ್ರಂಥ ಪ್ರಕಟನೆ, ಸ್ವಂತ ಮನಸ್ಸಿನ ಹಂಬಲ ಎಂಬ ನಾಲ್ಕನ್ನೂ ಒಬ್ಬನೇ ಮನುಷ್ಯನು ಹೊತ್ತು ನಡೆದರೆ ಏನಾಗುವುದೆಂಬುದಕ್ಕೆ ಅವರ ಜೀವನವು ಒಂದು ನಿದರ್ಶನ. ಕಚೇರಿಯ ಕೆಲಸದ ನಡುವೆ ನುಡಿಯ ಸೇವೆಯನ್ನೂ ಮಾಡಬಯಸುವ ನಮ್ಮ ವಿದ್ಯಾವಂತರು ಅದನ್ನು ಪರ್ಯಾಲೋಚಿಸುವುದು ಯುಕ್ತವೆಂದು ನಾವು ಎಣಿಸುತ್ತೇವೆ.

ಮೋಗ್ಲಿಂಗರು ಜರ್ಮನಿಯ ವುರ್ಟೆಂಬರ್ಗ್ ಪ್ರಾಂತಕ್ಕೆ ಸೇರಿದ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ 1811ನೆಯ ಮೇ 29ರಂದು ಹುಟ್ಟಿದರು. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರವನ್ನು ವ್ಯಾಸಂಗ ಮಾಡಿ, ಬಾಸೆಲ್ ಮಿಷನ್ನನ್ನು ಸೇರಿ, 1836ರಲ್ಲಿ ಹಿಂದೂಸ್ಥಾನಕ್ಕೆ ಬಂದರು. ಆ ಮಿಷನ್ನು ಮಂಗಳೂರಿನಲ್ಲಿ ನೆಲೆಯೂರಿ ಆಗ ಎರಡು ವರ್ಷಗಳಾಗಿದ್ದವಷ್ಟೆ. ಅವರು ಬಂದ ಉದ್ದೇಶ ಕ್ರೈಸ್ತಮತದ ಪ್ರಸಾರ. ಅದನ್ನು ಅವರು ಎಂದೂ ಮರೆಮಾಚಲಿಲ್ಲ, ನಾವೂ ಮರೆಮಾಚಬೇಕಾದ ಕಾರಣವಿಲ್ಲ. ಆದರೆ ಜನರ ನುಡಿಯನ್ನು ಅರಿಯದೆ ಜನರ ಮನಸ್ಸನ್ನು ಮುಟ್ಟಲಾಗದೆಂಬುದನ್ನು ಅವರು ಬೇಗನೆ ಕಂಡುಕೊಂಡರು. ಕನ್ನಡವನ್ನು ಅವರು ಕಲಿತದ್ದು ಉಪದೇಶಕ್ಕಾಗಿ. ಕಲಿತ ಮೇಲೆ ಆ ನುಡಿಯೇ ಅವರನ್ನು ಹಿಡಿದುಕೊಂಡಿತು.

ಮಂಗಳೂರಿನಲ್ಲಿ ಅವರ ಮುಖ್ಯ ಕರ್ತವ್ಯವು ದೇಶೀಯ ಹುಡುಗರಿಗೆ ಶಿಕ್ಷಣವಿತ್ತು ಅವರನ್ನು ಉಪದೇಶಕರನ್ನಾಗಿಯೂ ಉಪಾಧ್ಯಾಯರನ್ನಾಗಿಯೂ ಸಿದ್ಧಗೊಳಿಸುವುದಾಗಿತ್ತು. ಮುಂದೆ ದೇವಶಾಸ್ತ್ರದ ಸೆಮಿನರಿಯಾಗಿ ಬೆಳೆದ ವಿದ್ಯಾಲಯಕ್ಕೆ ತಳಹದಿ ಹಾಕಿದವರು ಅವರೇ. ತರಗತಿಯ ಹೊತ್ತು ಮುಗಿದ ಮೇಲೆ ಪೇಟೆಯಲ್ಲಿಯೂ ಹಳ್ಳಿಗಳಲ್ಲಿಯೂ ಉಪದೇಶ. ಅದೂ ಮುಗಿದ ಮೇಲೆ ಬರೆವಣಿಗೆ. ಸಾಮಾನ್ಯನಾದವನು ಇವುಗಳಲ್ಲಿ ಒಂದನ್ನು ಹಿಡಿದು ಉಳಿದವನ್ನು ಕೈಬಿಡುತ್ತಿದ್ದನು. ಮೋಗ್ಲಿಂಗರಾದರೋ ಒಂದರ ಫಲವನ್ನು ಇನ್ನೊಂದಕ್ಕೆ ಗೊಬ್ಬರವಾಗಿಸಿದರು. ಜನರ ನಡುವೆ ತಿರುಗಿ ಆಡುನುಡಿಯನ್ನೂ ಗಾದೆಗಳನ್ನೂ ಕೂಡಿಟ್ಟರು, ಗಾದೆಗಳು ಪುಸ್ತಕವಾದವು.

ಮಂಗಳೂರ ಸಮಾಚಾರವು ಹುಟ್ಟಿದ್ದು ಈ ಬಗೆಯ ಕೂಡುದುಡಿಮೆಯಿಂದಲೇ. ನಾಲ್ಕು ಪುಟಗಳ ಆ ಪಾಕ್ಷಿಕವು ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿತ್ತು. ಜಿಡ್ಡಿನ ಮಸಿಯಿಂದ ಕೈಯಲ್ಲಿ ಬರೆದ ಪುಟವನ್ನು ನಯವಾದ ಕಲ್ಲಿನ ಮೇಲೆ ಇಳಿಸಿ, ಕಲ್ಲನ್ನು ನೀರಿನಿಂದ ತೋಯಿಸಿ ಮಸಿ ಹಚ್ಚಿದರೆ, ಜಿಡ್ಡಿದ್ದ ಕಡೆ ಮಾತ್ರ ಮಸಿ ಹಿಡಿಯುವುದು. ಅಚ್ಚಿನ ಮೊಳೆಗಳನ್ನು ಜೋಡಿಸುವ ಅನುಕೂಲ ಇಲ್ಲಿಲ್ಲ. ಪತ್ರಿಕೆಯ ಪ್ರತಿಯೊಂದು ಅಕ್ಷರವನ್ನೂ ಮೊದಲು ಕೈಯಿಂದಲೇ ಬರೆಯಬೇಕು. ಇಂತಹ ಪತ್ರಿಕೆಯಲ್ಲಿ ಊರಿನ ವರ್ತಮಾನ, ಸರ್ಕಾರದ ಕಾನೂನುಗಳು, ಪರದೇಶಗಳ ಸುದ್ದಿ, ಕಥೆಗಳು, ಪುರಂದರದಾಸರ ಪದಗಳು ಕೂಡ ಸ್ಥಳ ಪಡೆದವು. ಪಾದ್ರಿಯೊಬ್ಬರು ನಡೆಸಿದ ಪತ್ರಿಕೆಯಲ್ಲಿ ಹರಿದಾಸರ ಹಾಡು ಅಚ್ಚಾದುದು ಅಲ್ಪ ವಿಷಯವಲ್ಲ. ಮರುವರ್ಷ, ಎಂದರೆ 1844ರ ಮಾರ್ಚಿಯಲ್ಲಿ, ಪತ್ರಿಕೆಯು ಕನ್ನಡ ಸಮಾಚಾರವೆಂಬ ಹೆಸರು ತಳೆದು ಬಳ್ಳಾರಿಯಲ್ಲಿ ಮೊಳೆಯಚ್ಚಿಗೆ ಏರಿತು.

ಅದೇ 1844ರ ಆರಂಭದಲ್ಲಿ ಅವರ ವಿದ್ಯಾರ್ಥಿಯಾಗಿದ್ದ ಆನಂದರಾವ್ ಕೌಂಡಿನ್ಯರೆಂಬ ಸಾರಸ್ವತ ಬ್ರಾಹ್ಮಣ ತರುಣರು ಮತಾಂತರಗೊಂಡರು. ಮಂಗಳೂರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಮನೆತನಗಳಿಗೆ ಅದರಿಂದ ಉಂಟಾದ ನೋವನ್ನು ನಾವು ಲಘುವಾಗಿ ಎಣಿಸಲಾರೆವು. ಗುರುವಿನ ಕಣ್ಣಿಗೆ ಯಾವುದು ಪರಮ ಸಾಫಲ್ಯವಾಗಿ ಕಂಡಿತೋ ಅದು ಊರಿನ ಕಣ್ಣಿಗೆ ಅಪಹಾರವಾಗಿ ಕಂಡಿತು. ನಾಡಿನವರ ವಿಶ್ವಾಸವನ್ನು ಬೇಡುವ ಪತ್ರಿಕೆ, ನಾಡಿನವರ ಮಕ್ಕಳನ್ನು ಬೇರೆ ದಾರಿಗೆ ಕರೆಯುವ ಉಪದೇಶ, ಇವೆರಡನ್ನೂ ಒಂದೇ ಕೈಯಲ್ಲಿ ಹಿಡಿಯುವುದು ಎಷ್ಟು ಕಠಿನವೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಅವರ ಸಾಹಿತ್ಯಸೇವೆಯ ಶಿಖರವೆಂದರೆ ಬಿಬ್ಲಿಯೋಥೆಕಾ ಕರ್ನಾಟಿಕಾ ಎಂಬ ಗ್ರಂಥಮಾಲೆ. ಮದರಾಸು ಸರ್ಕಾರದ ಸೇವೆಯಲ್ಲಿದ್ದು ನೀಲಗಿರಿಯಲ್ಲಿ ನೆಲಸಿದ್ದ ಕಾಸಮೇಜರ್ ಎಂಬ ಅಧಿಕಾರಿಯ ದ್ರವ್ಯಸಹಾಯದಿಂದ 1848ರಲ್ಲಿ ಅದು ಮೊದಲಾಯಿತು. ಜೈಮಿನಿ ಭಾರತ, ತೊರವೆ ರಾಮಾಯಣ, ಬಸವ ಪುರಾಣ, ದಾಸರ ಪದಗಳು ಮುಂತಾದವು ಅದರಲ್ಲಿ ಕಲ್ಲಚ್ಚಿನಲ್ಲಿ ಬೆಳಕು ಕಂಡವು. ಓಲೆಗರಿಗಳನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರು ನಮ್ಮವರೇ. ಅವುಗಳನ್ನು ಗೆದ್ದಲಿನ ಬಾಯಿಂದ ತಪ್ಪಿಸಿ ನೂರಾರು ಮನೆಗಳಿಗೆ ತಲುಪಬಲ್ಲ ಪುಸ್ತಕಗಳನ್ನಾಗಿಸಿದ ಶ್ರಮ ಈ ಪರದೇಶಿಯದು. ಎರಡನ್ನೂ ಹೇಳಿದರೆ ಮಾತ್ರ ನ್ಯಾಯವಾಗುವುದು.

ಇಷ್ಟಾದರೂ ಅವರ ಅಂತರಂಗದ ಹಂಬಲ ಪುಸ್ತಕಗಳಿಂದ ತಣಿಯಲಿಲ್ಲ. ಕೊಡಗಿನ ಅಲಮಂಡ ಸೋಮಯ್ಯನವರು ಮಂಗಳೂರಿಗೆ ಬಂದು ಅವರನ್ನು ಕಂಡಮೇಲೆ, 1853ರಲ್ಲಿ ಮೋಗ್ಲಿಂಗರು ಮಿಷನ್ನಿನ ಆಶ್ರಯಕ್ಕೆ ಕಾಯದೆ ಸ್ವಂತ ಹೊಣೆಯ ಮೇಲೆ ಕೊಡಗಿಗೆ ಹೊರಟುಹೋದರು. ತಾವು ಕಟ್ಟಿದ ವಿದ್ಯಾಲಯವನ್ನು ಇತರರ ಕೈಗೆ ಒಪ್ಪಿಸಬೇಕಾಯಿತು, ಗ್ರಂಥಮಾಲೆಯೂ ನಿಂತಿತು. ಕೊಡಗಿನ ಚರಿತ್ರೆಯನ್ನು ಕುರಿತ ಅವರ ಇಂಗ್ಲಿಷ್ ಗ್ರಂಥವು 1855ರಲ್ಲಿ ಬೆಂಗಳೂರಿನಲ್ಲಿ ಪ್ರಕಟವಾಯಿತು. ಜೀತದ ಬಾಳಿನಿಂದ ಬಂದ ಬಡ ಕುಟುಂಬಗಳಿಗಾಗಿ ಆನಂದಪುರವೆಂಬ ವಸಾಹತು ಅಲ್ಲಿ ತಲೆಯೆತ್ತಿತು. ಆದರೆ ಇಡೀ ಕೊಡಗು ತಮ್ಮ ಮಾತಿಗೆ ಓಗೊಡುವುದೆಂಬ ಆಸೆ ಕೈಗೂಡಲಿಲ್ಲ.

ಟ್ಯೂಬಿಂಗೆನ್ ವಿಶ್ವವಿದ್ಯಾಲಯವು 1858ರಲ್ಲಿ ಅವರಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತಿತು. ಆ ಮನ್ನಣೆ ಅವರ ಕನ್ನಡ ಕೆಲಸಕ್ಕೆ ಸಂದದ್ದೆಂಬುದನ್ನು ವಾಚಕರು ಲಕ್ಷಿಸಬೇಕು. 1860ರಲ್ಲಿ ಅವರು ಸ್ವದೇಶಕ್ಕೆ ಹಿಂದಿರುಗಿದರು. ಅಲ್ಲಿಯೂ ಕನ್ನಡವನ್ನು ಬಿಡಲಿಲ್ಲ. ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಂದು ವಿದ್ವಾಂಸರ ಮುಂದಿಟ್ಟರು. 1881ನೆಯ ಮೇ 10ರಂದು ಎಸ್ಲಿಂಗೆನ್ ಪಟ್ಟಣದಲ್ಲಿ ಕಾಲವಾದರು. ಅದೇ ಮಿಷನ್ನಿನ ಕಿರಿಯರಾದ ಫರ್ಡಿನೆಂಡ್ ಕಿಟ್ಟೆಲ್ಲರ ಮಹಾನಿಘಂಟು ಮಂಗಳೂರಿನಲ್ಲಿ ಹೊರಬಂದದ್ದು 1894ರಲ್ಲಿ. ಅದನ್ನು ನೋಡುವ ಭಾಗ್ಯ ಮೋಗ್ಲಿಂಗರಿಗೆ ಇರಲಿಲ್ಲ.

ಈ ಜೀವನವನ್ನು ತೂಗಿ ನೋಡುವುದೆಂತು? ನಾಲ್ಕು ಕೆಲಸಗಳನ್ನೂ ಅವರು ಸಮತೂಕದಲ್ಲಿ ನಡೆಸಿದರೆಂದರೆ ಅತಿಶಯೋಕ್ತಿಯಾದೀತು. ಹಂಬಲವು ಕರೆದಾಗ ಪಾಠಶಾಲೆ ಸೊರಗಿತು. ಉಪದೇಶವು ಕೋಲಾಹಲವೆಬ್ಬಿಸಿದಾಗ ಸ್ನೇಹ ಕದಡಿತು. ಯಾವುದಕ್ಕಾಗಿ ಸಮುದ್ರವನ್ನು ದಾಟಿ ಬಂದರೋ ಅದರ ಫಲ ಕಿರಿದಾಯಿತು. ಅದಕ್ಕೆ ಸಾಧನವೆಂದು ಹಿಡಿದ ನುಡಿಯ ಕೆಲಸ ಹಿರಿದಾಗಿ ಉಳಿಯಿತು. ಹಾಗಾದುದಕ್ಕೆ ಕಾರಣವೇನೆಂದರೆ, ಸಾಧನವೆಂದು ಆ ಕೆಲಸವನ್ನು ಅವರು ಎಂದೂ ಅಸಡ್ಡೆಯಿಂದ ಮಾಡಲಿಲ್ಲ. ದಫ್ತರದ ನೌಕರಿಯಲ್ಲಿಯೋ ಶಾಲೆಯ ದುಡಿಮೆಯಲ್ಲಿಯೋ ದಿನ ಕಳೆದು, ಕನ್ನಡದ ಕೆಲಸಕ್ಕೆ ಬಿಡುವಿಲ್ಲವೆಂದು ನಿಟ್ಟುಸಿರಿಡುವ ಮಹನೀಯರು ನಮ್ಮಲ್ಲಿ ಅನೇಕರಿದ್ದಾರೆ. ಮೋಗ್ಲಿಂಗರಿಗೂ ಬಿಡುವಿರಲಿಲ್ಲ. ಅವರಿಗೆ ಪರಭಾಷೆಯಾಗಿದ್ದುದು ನಮಗೆ ತಾಯ್ನುಡಿ. ದಿನಕ್ಕೊಂದು ಪುಟದ ಶ್ರಮವನ್ನಾದರೂ ಅದಕ್ಕೆ ಮೀಸಲಿಡುವುದು ನಮಗೆ ಭಾರವಾಗಬಾರದು.